ಹುಲಗಪ್ಪ ಮಾರಿದ ಜೀನು

ಮಾನ್ವಿಯ ಹುಲಗಪ್ಪನ ಪಡಸಾಲೆಯಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿ, ಒಂದು ಕಂಬಳಿ, ಒಂದು ಕುದುರೆ ಜೀನು ಇದ್ದವು. ಬಂದವರು ಕುರ್ಚಿಯ ಮೇಲೆ ಕೂರಬಹುದಿತ್ತು, ಕಂಬಳಿಯ ಮೇಲೆ ಕೂರಬಹುದಿತ್ತು. ಜೀನನ್ನು ಮಾತ್ರ ಯಾರೂ ಮುಟ್ಟುವಂತಿರಲಿಲ್ಲ. ಪಡಸಾಲೆಯ ನಟ್ಟನಡುವೆ ಮರದ ಅಡ್ಡೆಯೊಂದರ ಮೇಲೆ ಅದು ಮನೆಯ ಹಿರಿಯನ ಹಾಗೆ ಕೂತಿರುತ್ತಿತ್ತು. ಸೋಮವಾರ ಹೆಂಡತಿ ಬಸವಂತಮ್ಮ ದೇವರಿಗೆ ದೀಪ ಹಚ್ಚಿ ಬಂದವಳು ಅದಕ್ಕೂ ಒಂದು ಎಳೆ ವಿಭೂತಿ ಹಚ್ಚುತ್ತಿದ್ದಳು, ಆಮೇಲೆ ಸೊಂಟದ ಮೇಲೆ ಕೈಯಿಟ್ಟುಕೊಂಡು ಅದನ್ನು ಬಯ್ಯುತ್ತಿದ್ದಳು.

"ಕುದ್ರಿ ಹೋಗಿ ಎರಡು ವರ್ಷ ಆತು. ಇದು ಹಾದಿಗೆ ಅಡ್ಡ ಕುಂತದ. ನಾ ರೊಟ್ಟಿ ಅಂಗಡಿ ಎಲ್ಲಿ ಹಾಕಲಿ, ಇದರ ತಲಿ ಮ್ಯಾಲೆ ಹಾಕಲೇನು?"

ಹುಲಗಪ್ಪ ಮೂವತ್ತು ವರ್ಷ ಮದುವೆಯ ಕುದುರೆ ನಡೆಸಿದವನು. ಮಲ್ಲಿ ಎಂಬ ಬಿಳಿಯ ಹೆಣ್ಣು ಕುದುರೆ, ಅದರ ತಾಯಿ, ಅದಕ್ಕೂ ಮುಂಚೆ ಅಪ್ಪನ ಕಾಲದ ಒಂದು ಕಂದು ಕುದುರೆ, ಹೀಗೆ ಅವನ ಕೈಯಲ್ಲಿ ಹಗ್ಗ ಇಲ್ಲದ ದಿನವೇ ಇರಲಿಲ್ಲ. ಮಾನ್ವಿ, ಸಿರವಾರ, ರಾಯಚೂರು, ಎಲ್ಲಿ ಮದುಮಗನನ್ನು ಮೆರೆಸಬೇಕೋ ಅಲ್ಲಿಗೆ ಹೋಗುತ್ತಿದ್ದ. ಮಕ್ಕಳನ್ನು ಶಾಲೆಗೆ ಬಿಡಲು ಬರುವ ಗಂಡಸರಲ್ಲಿ ಅರ್ಧದಷ್ಟು ಜನ ಈಗಲೂ ಅವನನ್ನು ಕಂಡರೆ ತುಸು ನಾಚುತ್ತಾರೆ. ಮೆರವಣಿಗೆಯಲ್ಲಿ ಅವರು ಜೀನಿನ ಮುಂಭಾಗವನ್ನು ಎರಡೂ ಕೈಯಲ್ಲಿ ಹೇಗೆ ಹಿಡಿದುಕೊಂಡಿದ್ದರು ಎಂಬುದು ಅವನಿಗೆ ಗೊತ್ತು. ಮಲ್ಲಿ ಮುಪ್ಪಾಗಿ, ಒಂದು ಕಾರ್ತಿಕ ಮಾಸದಲ್ಲಿ ಬೇವಿನ ಗಿಡದ ಕೆಳಗೆ ಮಲಗಿದ್ದು ಏಳಲಿಲ್ಲ. ಅಷ್ಟರಲ್ಲಿ ಹುಲಗಪ್ಪನ ಮೊಣಕಾಲೂ ಮಾತು ಕೇಳುತ್ತಿರಲಿಲ್ಲ. ಇನ್ನೊಂದು ಕುದುರೆ ಬೇಡ ಎಂದು ಅವನೇ ಅಂದ. ಜೀನು ಉಳಿಯಿತು.

ಬಸವಂತಮ್ಮನ ಜೋಳದ ರೊಟ್ಟಿಗೆ ಊರಿನ ಮೂರು ಖಾನಾವಳಿಯವರು ಕಾಯುತ್ತಿದ್ದರು. ಪಡಸಾಲೆ ತೆರವಾದರೆ ಅಲ್ಲೇ ಅಂಗಡಿ ಇಡುವುದು, ಇಬ್ಬರು ಹೆಣ್ಣುಮಕ್ಕಳನ್ನು ಜೊತೆಗೆ ಹಾಕಿಕೊಳ್ಳುವುದು ಎಂದು ಅವಳು ಲೆಕ್ಕ ಹಾಕಿದ್ದಳು. ಬಸವ ಜಯಂತಿಯ ದಿನ ಒಲೆಯ ಮೇಲೆ ರೊಟ್ಟಿಯ ಹಂಚು ಇಡಬೇಕು. ಹುಲಗಪ್ಪನಿಗೆ ಅದು ಸರಿ ಅನಿಸಿತು.

"ಮಾರೂಣು," ಎಂದ. "ಆದ್ರ ಕುದ್ರಿ ಬೆನ್ನಿಗೇ ಹೋಗಬೇಕು. ಗ್ವಾಡಿಗೆ ನೇತು ಹಾಕಾಕ ನಾ ಕೊಡಾಂವಲ್ಲ."

"ಕುದ್ರಿ ಇದ್ದಾವನ್ನ ನೀವಾ ಹುಡುಕಿರಿ ಮತ್ತ," ಎಂದಳು ಬಸವಂತಮ್ಮ.

ಮೊದಲು ಅವನು ಅದನ್ನು ದೇವದುರ್ಗದ ಸಂತೆಗೆ ಒಯ್ದ. ದನದ ಸಾಲಿನ ಪಕ್ಕ ಒಂದು ಗೋಣಿ ಹಾಸಿ ಇಟ್ಟು ಕೂತ. ಜನ ಕಡಿಮೆಯೇನೂ ಸೇರಲಿಲ್ಲ. ಪಕ್ಕ ನಿಂತು ಫೋಟೊ ತೆಗೆಸಿಕೊಂಡರು. ಒಬ್ಬ ಇದನ್ನು ಬುಲೆಟ್ ಗಾಡಿಗೆ ಕೂರಿಸಬಹುದೇ ಎಂದು ಕೇಳಿದ. ಹಣ್ಣು ಹಣ್ಣು ಮುದುಕನೊಬ್ಬ ಬಹಳ ಹೊತ್ತು ತೊಗಲು ಸವರಿ, ಬಾಯಿ ತುಂಬಾ ಹೊಗಳಿ, ಕೊನೆಗೆ ತಾನು ಕುರಿ ಮಾರಲು ಬಂದವನೆಂದು ಹೇಳಿ ಎದ್ದು ಹೋದ. ಜೀನು ಬಂದ ಹಾಗೆಯೇ ಮನೆಗೆ ವಾಪಸ್ಸಾಯಿತು.

ಆಮೇಲೆ ರಾಯಚೂರಿನ ಅಲ್ತಾಫ್‌ನ ಬಳಿಗೆ ಹೋದ. ಅಲ್ತಾಫ್‌ನ ತಂದೆ ಜೀನು ಹೊಲಿಯುತ್ತಿದ್ದರು. ಇದನ್ನು ಹೊಲಿದವರೂ ಅವರೇ. ಮಗ ಈಗ ಕಾರಿನ ಸೀಟುಗಳಿಗೆ ಕವರು ಹೊಲಿಯುತ್ತಾನೆ. ಅವನು ತನ್ನ ಫೋನಿನಲ್ಲಿ ನಾಲ್ಕು ಫೋಟೊ ತೆಗೆದು ಮಾರಾಟದ ಜಾಲತಾಣದಲ್ಲಿ ಹಾಕಿದ. ಸಂಜೆಯೊಳಗೆ ನಲವತ್ತು ಜನ ಕೇಳಿದ್ದರು.

"ಏನಂತಾರೋ?" ಎಂದ ಹುಲಗಪ್ಪ.

"ಮೂವತ್ತು ಮಂದಿ 'ಇನ್ನಾ ಅದ ಏನು' ಅಂತ ಕೇಳ್ಯಾರ. ಅದ ಅಂದೆ. ಆಮ್ಯಾಲೆ ಒಬ್ಬನೂ ಮಾತಾಡಿಲ್ಲ. ಉಳಿದವರು 'ಕಡೀ ರೇಟು ಎಷ್ಟು' ಅಂತಾರ. ಇಲ್ಲಿ ಒಬ್ಬಾಂವ ನೋಡಣ್ಣಾ, 'ಕುದ್ರಿನೂ ಜೋಡಿ ಬರ್ತದೇನ್ರಿ' ಅಂತ."

ಹುಲಗಪ್ಪ ನಕ್ಕ. ಆದರೆ ಅವನ ಮನಸ್ಸಿಗೆ ಬೇರೆಯದೇ ಹೊಳೆದಿತ್ತು. ಜೀನು ಹಳತಾಗಿ ಕಾಣುತ್ತಿದೆ, ಅದಕ್ಕೇ ಜನ ಹಿಂಜರಿಯುತ್ತಿದ್ದಾರೆ. ಮೂವತ್ತು ವರ್ಷ ಅವನು ಕಲಿತ ವಿದ್ಯೆ ಒಂದೇ: ಹತ್ತು ಜನರ ಕಣ್ಣಿಗೆ ಬೀಳುವ ಮುಂಚೆ ಸಿಂಗಾರ ಆಗಬೇಕು. ಕುದುರೆಯ ಗೊರಸಿಗೂ ಎಣ್ಣೆ ಹಚ್ಚದೆ ಅವನು ಮೆರವಣಿಗೆಗೆ ಹೊರಟವನಲ್ಲ. ಹಾಗಾಗಿ ಮೇಲಿನ ತೊಗಲಿಗೆ ಎಣ್ಣೆ ಉಜ್ಜಿಸಿದ, ಹಿತ್ತಾಳೆಯ ಗುಂಡಿಗಳನ್ನು ಹುಣಸೆಹಣ್ಣಿನಿಂದ ತಿಕ್ಕಿದ. ಕುದುರೆಯ ಬೆನ್ನಿಗೆ ತಾಗುವ ಕೆಳಭಾಗದಲ್ಲಿ ಹಳೆಯ ಕರಿ ಕಂಬಳಿಯ ಮೆತ್ತೆ ಇತ್ತು. ಅದರ ಮೇಲೆ ದಾಳಿಂಬೆ ಬಣ್ಣದ ಮಖಮಲ್ಲು ಹೊಲಿ ಎಂದ.

ಅಲ್ತಾಫ್ ತಲೆ ಕೆರೆದುಕೊಂಡ. "ಕೆಳಗ ಯಾರ್ ನೋಡ್ತಾರ ಅಣ್ಣಾ?"

"ನೋಡಿದ್ರ ಛಂದ ಕಾಣಲಿ. ಹೊಲಿ."

ಹೊಲಿಸಿಕೊಂಡು ಬಂದ ಜೀನು ನೋಡಿ ಬಸವಂತಮ್ಮನೂ ಒಂದು ಗಳಿಗೆ ಬಯ್ಯುವುದನ್ನು ಮರೆತಳು.

ಅದೇ ವಾರ ಹನುಮಂತ್ರಾಯ ಬಂದ. ರಾಯಚೂರಿನಲ್ಲಿ ಮದುವೆ ಮಂಟಪಗಳಿಗೆ ಅಲಂಕಾರ ಮಾಡುವವನು, ಒಳ್ಳೆಯ ಮನುಷ್ಯ. ಜೀನನ್ನು ನೋಡುತ್ತಲೇ ಎಂಟು ಸಾವಿರ ಎಂದ. ಅವನ ಬಳಿ ಚಕ್ರ ಹಚ್ಚಿದ ಫೈಬರ್ ಕುದುರೆಯೊಂದಿತ್ತು. ಅದರ ಮೇಲೆ ಇದನ್ನು ಬಿಗಿದು, ಸುತ್ತ ಬಲ್ಬು ಹಾಕಿ, ಬಂದ ನೆಂಟರನ್ನು ಕೂರಿಸಿ ಫೋಟೊ ತೆಗೆಸುವ ಯೋಚನೆ ಅವನದು.

"ಭಾನುವಾರ ಟೆಂಪೊ ಕಳಸ್ತೀನ್ರಿ," ಎಂದ.

"ಶನಿವಾರ ಸಂಜಿಮುಂದ ಹೇಳ್ತೀನ್ರಿ," ಎಂದ ಹುಲಗಪ್ಪ. ಬಸವಂತಮ್ಮ ಒಳಗಿನಿಂದ ಕೆಮ್ಮಿದಳು.

ಹನುಮಂತ್ರಾಯ ಹೋದ ಮೇಲೆ ಗಂಡ ಹೆಂಡತಿ ಮಾತಾಡಿಕೊಂಡರು. ಶನಿವಾರದೊಳಗೆ ಕುದುರೆ ಇದ್ದವನು ಸಿಕ್ಕರೆ ಸರಿ. ಇಲ್ಲವಾದರೆ ಟೆಂಪೊ. ಬಸವ ಜಯಂತಿಗೆ ಉಳಿದದ್ದು ಐದೇ ದಿನ. ಹುಲಗಪ್ಪ ಒಪ್ಪಿದ, ಆದರೆ ಆ ರಾತ್ರಿ ಎರಡೇ ರೊಟ್ಟಿ ತಿಂದ. ಅವನು ನಾಲ್ಕು ತಿನ್ನುವವನು.

ಶುಕ್ರವಾರ ಅಲ್ತಾಫ್‌ನ ಫೋನು ಬಂತು. ಮಸರಕಲ್‌ನ ಉದಯಕುಮಾರ ಎಂಬ ಹುಡುಗ ಹೊಸದಾಗಿ ಮದುವೆ ಕುದುರೆ ಕಟ್ಟಿದ್ದಾನೆ. ಯಾರದೋ ಜೀನು ಹಾಕಿ ಕುದುರೆಯ ಬೆನ್ನು ಹುಣ್ಣಾಗಿ, ಎರಡು ತಿಂಗಳು ಕೆಲಸ ನಿಂತಿತ್ತು. ಮೆತ್ತೆ ಕೇಳಲು ಅಂಗಡಿಗೆ ಬಂದಿದ್ದ. "ನಿನ್ನ ಜೀನಿನ ಮಾತು ಹೇಳೀನಿ. ನಾಳೆ ಹೋಗಣ್ಣಾ."

ಶನಿವಾರ ಬೆಳಿಗ್ಗೆ ಗಂಡ ಹೆಂಡತಿ ಇಬ್ಬರೂ ಜೀನು ಹೊತ್ತು ದೇವದುರ್ಗದ ಬಸ್ಸು ಹತ್ತಿದರು. ಬಸವಂತಮ್ಮ ಆಧಾರ್ ಕಾರ್ಡು ತೋರಿಸಿ ಪುಕ್ಕಟೆ ಚೀಟಿ ತೆಗೆದುಕೊಂಡಳು. ಕಂಡಕ್ಟರು ಜೀನು ನೋಡಿದ.

"ಇದಕ್ಕ ಲಗೇಜ್ ಆಗ್ತದ ಯಜಮಾನ್ರ."

"ಹೆಣ್ಣು ಕುದ್ರೀದಪ್ಪಾ ಅದು," ಎಂದಳು ಬಸವಂತಮ್ಮ. "ಪುಕ್ಕಟೆ ಬಿಡು."

"ಹಂಗಾದ್ರ ಕುದ್ರೀದೂ ಆಧಾರ್ ತೋರಸವ್ವಾ!"

ಬಸ್ಸಿಗೆ ಬಸ್ಸೇ ನಕ್ಕಿತು. ಹುಲಗಪ್ಪ ಲಗೇಜಿನ ದುಡ್ಡು ಕೊಟ್ಟ. ದೇವದುರ್ಗದಲ್ಲಿ ಇಳಿದು ಟಂಟಂ ಆಟೊ ಹಿಡಿದು ಮಸರಕಲ್ ಮುಟ್ಟುವ ಹೊತ್ತಿಗೆ ಬಿಸಿಲು ಏರಿತ್ತು.

ಉದಯಕುಮಾರನ ಮನೆ ಊರಿನ ಅಂಚಿನಲ್ಲಿತ್ತು, ಮಗ್ಗುಲಲ್ಲೇ ಹೊಲ. ಕುದುರೆ ಅಂಗಳದಲ್ಲಿ ಕಟ್ಟಿತ್ತು, ಬಿಜಲಿ ಅಂತ ಹೆಸರು. ಬೂದು ಮೈ, ಬೆನ್ನ ಮೇಲೆ ಹುಣ್ಣು ಮಾಯ್ದ ಕಡೆ ಅಂಗೈ ಅಗಲದ ಎರಡು ಬಿಳಿ ಮಚ್ಚೆ. ಹುಲಗಪ್ಪ ಮೊದಲು ಆ ಮಚ್ಚೆಗಳನ್ನೇ ನೋಡಿದ.

ಉದಯಕುಮಾರನ ತಾಯಿ ಸೂಗಮ್ಮ ನೀರು ತಂದುಕೊಟ್ಟು, ಜೀನಿನ ಮುಂದೆ ಕೂತಳು. ಮೇಲಿನ ಹೊಳಪನ್ನಾಗಲಿ ಹಿತ್ತಾಳೆ ಗುಂಡಿಗಳನ್ನಾಗಲಿ ಅವಳು ನೋಡಲೇ ಇಲ್ಲ. ಎರಡೂ ಕೈ ಹಾಕಿ ಜೀನನ್ನು ಬೋರಲು ಮಾಡಿದಳು. ದಾಳಿಂಬೆ ಬಣ್ಣದ ಮಖಮಲ್ಲು ಬಿಸಿಲಿಗೆ ಥಳಥಳ ಅಂದಿತು.

"ಇದೇನ್ರಿ ಅಣ್ಣಾರ, ಹೊಟ್ಟಿಗೆ ಸೀರಿ ಉಡಸೀರಿ?"

"ಹೊಸಾದು ಹಾಕಿಸೀನವ್ವಾ. ಛಂದ ಅದಲ್ಲ?"

ಸೂಗಮ್ಮ ಮಗನ ಮುಖ ನೋಡಿದಳು. ಅವನು ತಲೆ ಅಲ್ಲಾಡಿಸಿದ. "ಬ್ಯಾಡ ಕಾಕಾ, ಸಿಟ್ಟಾಗಬ್ಯಾಡ್ರಿ. ಹ್ವಾದ ಸಲ ತಂದಿದ್ದೂ ಹಿಂಗಾ ಇತ್ತು, ಕೆಳಗ ಹೊಸಾ ಬಟ್ಟಿ. ಬಿಚ್ಚಿ ನೋಡಿದ್ರ ಒಳಗ ಕಟಗಿ ಸೀಳಿತ್ತು. ಇದರ ಬೆನ್ನು ಮಾಯಬೇಕಂದ್ರ ನಾವು ಏನೇನು ಪಡಬಾರದ್ದು ಪಟ್ಟೀವಿ, ಆ ಮಲ್ಲಯ್ಯ ದೇವರಿಗೇ ಗೊತ್ತು."

ಹುಲಗಪ್ಪನ ಕಿವಿ ಕೆಂಪಾಯಿತು. ಅವನ ಜೀನಿನ ಮೇಲೆ ಯಾರೂ ಇಂಥ ಮಾತು ಆಡಿರಲಿಲ್ಲ. ಏಳಬೇಕೆಂದು ನೆಲಕ್ಕೆ ಕೈ ಊರಿದ. ಆಗಲೇ ಅವನ ಕಣ್ಣು ಮತ್ತೆ ಬಿಜಲಿಯ ಬಿಳಿ ಮಚ್ಚೆಗಳ ಮೇಲೆ ಹೋಯಿತು. ಈ ಹುಡುಗನ ಜಾಗದಲ್ಲಿ ತಾನಿದ್ದರೆ ಏನು ಮಾಡುತ್ತಿದ್ದೆ? ಬೋರಲು ಮಾಡಿಯೇ ನೋಡುತ್ತಿದ್ದೆ. ಕುದುರೆ ಬಲ್ಲವನು ಜೀನಿನ ಮುಖ ನೋಡುವುದಿಲ್ಲ, ಹೊಟ್ಟೆ ನೋಡುತ್ತಾನೆ. ಅಲ್ಲಿ ಮೆತ್ತೆ ಎರಡೂ ಬದಿಗೆ ಒಂದೇ ಸಮ ಸವೆದಿದ್ದರೆ ಕುದುರೆ ಸುಖವಾಗಿತ್ತು ಎಂದೇ ಅರ್ಥ. ಮೂವತ್ತು ವರ್ಷದ ಆ ಸಾಕ್ಷಿಯನ್ನೇ ತಾನು ಬಟ್ಟೆ ಹಾಕಿ ಮುಚ್ಚಿಸಿದ್ದ!

"ತಂಗೀ," ಎಂದ, "ಒಂದು ಕುಡಗೋಲು ಕೊಡು."

ಬಸವಂತಮ್ಮನಿಗೆ ತಿಳಿದುಹೋಯಿತು. "ಏನ್ರಿ ಇದು! ಎರಡು ಸಾವಿರ ಕೊಟ್ಟು ಹೊಲಿಸಿದ್ದು! ಇವರೂ ಬ್ಯಾಡ ಅಂದ್ರ ಹರದ ಜೀನಿಗೆ ಆ ಹನುಮಂತ್ರಾಯ ಎಷ್ಟು ಕೊಟ್ಟಾನು?"

"ಕೊಡದಿದ್ರ ಬಿಡಲಿ ಬಿಡಲೇ."

ಕುಡಗೋಲಿನ ತುದಿಯಿಂದ ಹೊಲಿಗೆ ಎತ್ತಿ ಎಳೆದ. ಮಖಮಲ್ಲು ಪರ್ ಎಂದು ಬಿಚ್ಚಿತು. ಒಳಗೆ ಕರಿ ಕಂಬಳಿ, ಬೆವರು ಕುಡಿದು ಕುಡಿದು ಹದವಾಗಿ ಕೂತಿದ್ದ ಮೆತ್ತೆ. ಮಲ್ಲಿಯ ಬಿಳಿ ಕೂದಲು ನೂರಾರು ಅದರೊಳಗೆ ಸಿಕ್ಕಿಕೊಂಡಿದ್ದವು. ಸೂಗಮ್ಮ ಎಡಕ್ಕೊಂದು ಬಲಕ್ಕೊಂದು ಅಂಗೈ ಇಟ್ಟು, ಕಣ್ಣು ಮುಚ್ಚಿ, ಮುಂದಿನಿಂದ ಹಿಂದಕ್ಕೆ ಸವರಿದಳು. ಎರಡು ಸಲ ಸವರಿದಳು.

"ಎರಡೂ ಕಡಿ ಒಂದಾ ನಮೂನಿ ಅದ," ಎಂದಳು. ಆಮೇಲೆ ಕಣ್ಣು ತೆರೆದು ಗದರಿದಳು, "ಇಷ್ಟು ಛಲೋದು ಇಟಗೊಂಡು ಮುಚ್ಚೀರಲ್ರೀ ಯಣ್ಣಾ, ಎಂಥಾ ಮನಷಾರು ನೀವು!"

"ಹಂಗ ಕೇಳ್ರಿ ಅಕ್ಕಾ," ಎಂದಳು ಬಸವಂತಮ್ಮ. ಅರ್ಧ ಗಳಿಗೆಯ ಹಿಂದೆ ತಾನೇ ತಡೆದದ್ದು ಅವಳಿಗೆ ಮರೆತೇ ಹೋಗಿತ್ತು.

ಆದರೆ ಬಿಜಲಿ ಒಪ್ಪಬೇಕಲ್ಲ. ಜೀನು ಹತ್ತಿರ ಬರುತ್ತಲೇ ಅದು ಕಿವಿ ಹಿಂದಕ್ಕೆ ಮಡಚಿ, ಮೈ ನಡುಗಿಸಿ, ಹಗ್ಗ ಜಗ್ಗಿ ಅಡ್ಡಡ್ಡ ಸರಿಯಿತು. ಹಳೆಯ ನೋವು ಅದಕ್ಕೆ ನೆನಪಿತ್ತು. ಉದಯಕುಮಾರ ಗದರಲು ಹೋದ. ಹುಲಗಪ್ಪ ಅವನನ್ನು ಪಕ್ಕಕ್ಕೆ ಸರಿಸಿ, ಜೀನನ್ನು ಕುದುರೆಯ ಮೂಗಿನ ಮುಂದೆ ಹಿಡಿದು ಸುಮ್ಮನೆ ನಿಂತ. ಬಿಜಲಿ ಮೂಸಿತು. ಕಂಬಳಿಯಲ್ಲಿ ಇನ್ನೊಂದು ಕುದುರೆಯ ವಾಸನೆ ಇತ್ತು. ಬಹಳ ಹೊತ್ತು ಮೂಸಿತು. ಹುಲಗಪ್ಪ ಬಾಯೊಳಗೇ ಏನೋ ಹೇಳುತ್ತಿದ್ದ. ಪಕ್ಕದಲ್ಲಿದ್ದ ಸೂಗಮ್ಮನಿಗೆ ಕೇಳಿಸಿದ್ದು ಶಿವನ ಹೆಸರೊಂದೇ. ಕುದುರೆಯ ಕಿವಿ ನಿಧಾನವಾಗಿ ಮುಂದಕ್ಕೆ ಬಂದ ಮೇಲೆ ಜೀನನ್ನು ಬೆನ್ನ ಮೇಲೆ ಇಳಿಸಿದ, ಹೊಟ್ಟೆಪಟ್ಟಿಯನ್ನು ಮೂರು ಸಲಕ್ಕೆ ಸ್ವಲ್ಪ ಸ್ವಲ್ಪವೇ ಬಿಗಿದ.

"ಹತ್ತು," ಎಂದ ಉದಯಕುಮಾರನಿಗೆ. ಹಗ್ಗ ತಾನು ಹಿಡಿದ.

ಕೊಯ್ಲು ಮುಗಿದ ಹೊಲದ ಅಂಚಿಗೆ ಅವರು ಹೊರಟರು. ಸುಡುವ ಬಿಸಿಲು. ಒಂದು ಸುತ್ತು, ಎರಡು ಸುತ್ತು. ಮೂರನೆಯದರಲ್ಲಿ ಬಿಜಲಿ ತಾನಾಗಿ ಹೆಜ್ಜೆ ಚುರುಕು ಮಾಡಿತು. ಹುಲಗಪ್ಪನೂ ಜೊತೆಗೆ ಚುರುಕಾದ. ಬಸವಂತಮ್ಮ ಬೇಲಿಯ ಬಳಿ ನಿಂತು, "ಮೊಣಕಾಲು! ಮೊಣಕಾಲು!" ಎಂದು ಕೂಗುತ್ತಿದ್ದಳು. ಅವನಿಗೆ ಕೇಳಿಸಿದ ಹಾಗೆ ಕಾಣಲಿಲ್ಲ.

ತಿರುಗಿ ಬಂದು ಜೀನು ಇಳಿಸಿದಾಗ ನಾಲ್ವರೂ ಬೆನ್ನಿನ ಮೇಲೆ ಬಗ್ಗಿದರು. ಜೀನು ಎಲ್ಲಾದರೂ ಒತ್ತಿದ್ದರೆ ಅಲ್ಲಿ ಬೆವರಿಲ್ಲದ ಒಣ ಕಲೆ ಇರಬೇಕು. ಒಂದೂ ಇರಲಿಲ್ಲ. ಬೆನ್ನುಮೂಳೆಯ ಆಚೆಗೂ ಈಚೆಗೂ ಬೆವರು ಒಂದೇ ಸಮನಾಗಿ ಹರಡಿ, ರೆಕ್ಕೆ ಬಿಚ್ಚಿದ ಪಾತರಗಿತ್ತಿಯ ಹಾಗೆ ಕಾಣುತ್ತಿತ್ತು. ಬಿಳಿ ಮಚ್ಚೆಗಳೂ ಚೆನ್ನಾಗಿ ತೊಯ್ದಿದ್ದವು. ಉದಯಕುಮಾರ ಅವುಗಳ ಮೇಲೆ ಕೈಯಿಟ್ಟು ಒತ್ತಿದ. ಬಿಜಲಿ ಅಲುಗಲಿಲ್ಲ, ಬಾಲದಿಂದ ಒಂದು ನೊಣ ಹೊಡೆಯಿತು.

"ಯವ್ವಾ, ತಗೊಳ್ಳೂಣು," ಎಂದ.

ಬೆಲೆಯ ಮಾತು ಹೆಂಗಸರೇ ಮುಗಿಸಿದರು. ಬಸವಂತಮ್ಮ ಕೇಳಿದ ಎಂಟು ಸಾವಿರ ತಮ್ಮ ಕೈಯಲ್ಲಿಲ್ಲ ಎಂದು ಸೂಗಮ್ಮ ಮುಚ್ಚುಮರೆ ಇಲ್ಲದೆ ಹೇಳಿದಳು. ಐದು ಸಾವಿರ ಕೊಡಬಹುದು, ಮತ್ತೆ ಮನೆಯಲ್ಲಿ ಈ ವರ್ಷದ ಜೋಳ ಇದೆ. ಬಸವಂತಮ್ಮ ಜೋಳ ತೋರಿಸಿರಿ ಎಂದಳು. ಒಂದು ಹಿಡಿ ತೆಗೆದು ನೋಡಿದಳು, ನಾಲ್ಕು ಕಾಳು ಬಾಯಿಗೆ ಹಾಕಿ ಅಗಿದಳು. ಮುತ್ತಿನಂಥ ಮಾಲದಂಡಿ ಜೋಳ. ಅವಳ ಮುಖ ಅರಳಿತು, ಆದರೆ ವ್ಯಾಪಾರ ವ್ಯಾಪಾರವೇ.

"ಒಂದು ಚೀಲ ಪೂರಾ ಕೊಡ್ತೀರೇನು?"

"ಕೊಡ್ತೀನಿ ತಗೋರಿ. ಅಂಗಡಿ ನಡದ್ರ ಮುಂದಿನ ಚೀಲಕ್ಕೂ ನಮ್ಮಲ್ಲೇ ಬರ್ರಿ."

"ಬರದ ಎಲ್ಲಿ ಹೋಗ್ತೀನಿ ಯಕ್ಕಾ!"

ಹುಲಗಪ್ಪ ಅಲ್ಲಿಂದಲೇ ಹನುಮಂತ್ರಾಯನಿಗೆ ಫೋನು ಹಚ್ಚಿದ. "ಟೆಂಪೊ ಬ್ಯಾಡ್ರಿ ಸಾಹೇಬ್ರ. ಜೀನು ಹೋತು... ಕುದ್ರಿ ಇದ್ದವರಿಗೇ ಹೋತು. ಸಿಟ್ಟಾಗಬ್ಯಾಡ್ರಿ, ನಿಮ್ಮ ಕುದ್ರೀಗೆ ಬೆನ್ನಬ್ಯಾನಿ ಬರೂದಿಲ್ಲ, ಅದಕ್ಕ ಎಂಥಾ ಜೀನಾದ್ರೂ ನಡೀತದ." ಆ ಕಡೆಯಿಂದ ಜೋರು ನಗೆ ಕೇಳಿಸಿತು.

ಜೋಳದ ಚೀಲವನ್ನು ಟಂಟಂಗೆ ಹೇರಿದ್ದಾಯಿತು. ಬಸವಂತಮ್ಮ ಚೀಲದ ಮೇಲೆಯೇ ಹತ್ತಿ ಕೂತಳು. ಡ್ರೈವರ್ ಹಾರ್ನ್ ಹೊಡೆದ. ಹುಲಗಪ್ಪ ಇನ್ನೂ ಅಂಗಳದಲ್ಲೇ ಇದ್ದ. ಹೊಟ್ಟೆಪಟ್ಟಿಯನ್ನು ಹೇಗೆ ಬಿಗಿಯಬೇಕೆಂದು ಉದಯಕುಮಾರನ ಕೈ ಹಿಡಿದು ತೋರಿಸುತ್ತಿದ್ದ, ಅವನು ಕಟ್ಟಿದ್ದನ್ನು ಬಿಚ್ಚಿಸಿ ಮತ್ತೆ ಕಟ್ಟಿಸುತ್ತಿದ್ದ.

"ಬರ್ತೀರೋ, ಇಲ್ಲೇ ಇರ್ತೀರೋ?" ಎಂದು ಹೆಂಡತಿ ಕೂಗಿದಳು.

"ಬಂದೆ ಬಂದೆ," ಎಂದ ಹುಲಗಪ್ಪ. ಹಾಗೆನ್ನುತ್ತಲೇ ಬಿಜಲಿಯ ಹಗ್ಗ ಬಿಚ್ಚಿ ಕೈಗೆ ತೆಗೆದುಕೊಂಡ. "ಹತ್ತು ತಮ್ಮಾ, ಇನ್ನೊಂದು ಸುತ್ತು ಹೋಗಿ ಬರೂಣು."