ಮಗಳನ್ನು ಕೊಟ್ಟ ರಾಜ

ಚಿಕ್ಕ ಮಗಳಿಗೆ ಆ ವರ್ಷ ಪರೀಕ್ಷೆಗೆ ಒಂದು ಪುರಾತನ ಗ್ರೀಕ್ ನಾಟಕವಿತ್ತು. ಸ್ಟಾಕ್‌ಪೋರ್ಟ್‌ನ ನಮ್ಮ ಅಡುಗೆಮನೆಯ ಮೇಜಿನ ಮೇಲೆ ಪಾತ್ರಗಳ ವಂಶವೃಕ್ಷ ಬರೆಯುತ್ತಿದ್ದಳು. ನಾನು ಜಿಪಿ, ಅಂದರೆ ಇಲ್ಲಿನ ಫ್ಯಾಮಿಲಿ ಡಾಕ್ಟರ್. ಬೆಳಗಿನಿಂದ ರೋಗಿಗಳ ಕೆಮ್ಮು, ಮಂಡಿನೋವು ಕೇಳಿ ತಲೆ ಚಿಟ್ಟುಹಿಡಿದು ಸಂಜೆ ಮನೆಗೆ ಬಂದರೆ, ಹಿಡಿದು ಕೂರಿಸಿ ಕಥೆ ಒಪ್ಪಿಸಿದಳು.

ರಾಜ ಯುದ್ಧಕ್ಕೆ ಹೊರಟಿದ್ದಾನೆ. ಗಾಳಿಯಿಲ್ಲದೆ ಹಡಗುಗಳು ನಿಂತಿವೆ. ಮದುವೆ ಎಂದು ಸುಳ್ಳು ಹೇಳಿ ಹಿರಿಮಗಳನ್ನು ಕರೆಸಿ ದೇವಿಗೆ ಅರ್ಪಿಸುತ್ತಾನೆ. ಹತ್ತು ವರ್ಷದ ಮೇಲೆ ಗೆದ್ದು ಬಂದವನನ್ನು ರಾಣಿ ಕೊಲ್ಲುತ್ತಾಳೆ. ಆಮೇಲೆ ಉಳಿದ ಮಕ್ಕಳು ಅಪ್ಪನ ಸೇಡಿಗೆ ಅಮ್ಮನನ್ನೇ ಮುಗಿಸುತ್ತಾರೆ.

"ಸ್ಯಾಕ್ರಿಫೈಸ್‌ಗೆ ಕನ್ನಡದಲ್ಲಿ ಏನಮ್ಮ?"

"ಬಲಿ ಕೊಡೋದು."

"ಕೊಡೋದು? ಅಕ್ಕನ್ನ ಬೀಸ್ಟನ್‌ಗೆ ಕೊಟ್ಟಿದ್ದೀವಿ ಅಂತೀಯಲ್ಲ, ಸೇಮ್ ವರ್ಡ್?"

"ಅದೇ ಬೇರೆ, ಇದೇ ಬೇರೆ" ಎಂದು ರೇಗಿದೆ.

ಹಿರಿಯವಳು ಬೀಸ್ಟನ್ ಪಕ್ಕದ ಯೂನಿವರ್ಸಿಟಿಯಲ್ಲಿ ಸಂಶೋಧನೆ ಮಾಡುತ್ತಿದ್ದಳು. ಗಂಡನ ಮನೆಯವರು ಬಿಡಿಸಿದ್ದರು. ಕರೆದುಕೊಂಡು ಹೋಗಮ್ಮ ಎಂದು ಮೂರು ತಿಂಗಳಿಂದ ವಾಟ್ಸಾಪ್‌ನಲ್ಲಿ ಬೇಡಿಕೊಳ್ಳುತ್ತಿದ್ದಳು. ಆ ಸಂಬಂಧ ತಂದವರು ನಮ್ಮ ಯಜಮಾನರು. ಹುಡುಗನ ತಂದೆ ಅವರ ಗೆಳೆಯರು. ಕೇಳಿದಾಗಲೆಲ್ಲ ಅವರದು ಒಂದೇ ಪಲ್ಲವಿ: "ಕೊಟ್ಟ ಮೇಲೆ ಮುಗೀತು, ಅವಳೇ ಹೊಂದ್ಕೋಬೇಕು." ಇಂಥದ್ದೇ ಕಥೆ ಹೇಳಿಕೊಂಡು ಬರುವ ಹೆಂಗಸರಿಗೆ ಕ್ಲಿನಿಕ್ಕಿನಲ್ಲಿ ಉದ್ದುದ್ದ ಧೈರ್ಯ ಹೇಳುವ ನಾನು, ಮನೆಯಲ್ಲಿ ಮಾತ್ರ ತುಟಿ ಪಿಟಕ್ಕೆನ್ನದೆ ಚಪಾತಿ ಲಟ್ಟಿಸುತ್ತಿದ್ದೆ. ನನ್ನ ಮೇಲೆ ನನಗೇ ಅಸಹ್ಯವಾಗುತ್ತಿತ್ತು.

ಅಷ್ಟರಲ್ಲಿ ಅವರು ಆಫೀಸಿನಿಂದ ಬಂದರು. ಟೈ ಸಡಿಲಿಸುತ್ತ ವಂಶವೃಕ್ಷ ನೋಡಿ, ಮಗಳಿಂದ ಕಥೆ ಕೇಳಿಸಿಕೊಂಡರು.

"ಪಾಪ, ರಾಜ ತಾನೇ ಏನ್ಮಾಡ್ತಾನೆ?" ಎಂದರು. "ಎಲ್ಲರಿಗೂ ಮಾತು ಕೊಟ್ಟಿದ್ದನಲ್ಲ."

ನನಗೆ ಮೈಯೆಲ್ಲ ಉರಿದುಹೋಯಿತು. ಎದ್ದು ಕಾರಿನ ಕೀ ತೆಗೆದುಕೊಂಡೆ.

"ಎಲ್ಲಿಗೆ?"

"ಬೀಸ್ಟನ್‌ಗೆ. ಅವಳನ್ನ ಕರ್ಕೊಂಡು ಬರ್ತೀನಿ."

"ತಲೆ ಕೆಟ್ಟಿದೆಯಾ? ಕೊಟ್ಟಾಗಿದೆ ಕಣೆ."

"ಕೊಟ್ಟೋರು ನೀವು. ನಾನು ಕೊಟ್ಟಿಲ್ಲ."

ಬಾಗಿಲು ಎಳೆದುಕೊಂಡು ಹೊರಟುಬಿಟ್ಟೆ. ಆದರೆ ಹಾಗೆ ಹೇಳಿದ್ದು ಸುಳ್ಳು. ಧಾರೆಯ ಹೊತ್ತಿನಲ್ಲಿ ಅವರ ಪಕ್ಕ ನಿಂತು, ಗಿಂಡಿ ಬಗ್ಗಿಸಿ, ಮಗಳ ಕೈಮೇಲೆ ನೀರು ಎರೆದವಳು ನಾನೇ. ಬೀಸ್ಟನ್ ತಲುಪುವವರೆಗೂ ಸ್ಟೀರಿಂಗ್ ಹಿಡಿದ ಆ ಕೈಯ ಮೇಲೇ ನನಗೆ ಸಿಟ್ಟಿತ್ತು.