ದೊಡ್ಡಮ್ಮನ ಊರಲ್ಲಿ ಹೋಟೆಲ್ ರೂಮು

ದೊಡ್ಡಮ್ಮನ ಮನೆ ಎರಡು ಕ್ರಾಸ್ ಆಚೆಗಿರುವಾಗ ಶಿವಮೊಗ್ಗದಲ್ಲಿ ಹೋಟೆಲ್ ರೂಮು ಮಾಡುವುದೆಂದರೆ, ನಮ್ಮ ಕಡೆ ಅದು ನೆಂಟಸ್ತಿಕೆ ಮುರಿದುಕೊಂಡಂತೆಯೇ ಲೆಕ್ಕ. ಗೊತ್ತಿದ್ದೂ ಮಾಡಿದೆವು. ಮದುವೆಯಾಗಿ ಎರಡು ವರ್ಷವಾಗಿತ್ತು. ಜನ್ನಾಪುರದ ಗಂಡನ ಮನೆಯಲ್ಲಿ ಎರಡು ಕೋಣೆ, ಏಳು ಜನ. ನಾನೂ ನನ್ನ ಗಂಡನೂ ಜಗಳವಾಡಬೇಕೆಂದರೂ ಬಸ್‌ಸ್ಟ್ಯಾಂಡಿಗೆ ಹೋಗಬೇಕಿತ್ತು. ಮನೆಯಲ್ಲಿ ದೊಡ್ಡಮ್ಮನ ಮನೆಗೆ ಹೋಗ್ತೀವಿ ಎಂದೇ ಹೇಳಿ ಹೊರಟೆವು.

ಶಿವಮೊಗ್ಗದ ಶೋಕಿಯೆಲ್ಲ ಆಗ ಹೋಟೆಲಿದ್ದ ಆ ರಸ್ತೆಗೇ ಬಂದು ಸೇರಿತ್ತು. ಐಸ್‌ಕ್ರೀಮ್ ಪಾರ್ಲರು, ಜೀನ್ಸ್ ಅಂಗಡಿ, ಬೈಕಿನ ಕನ್ನಡಿಯಲ್ಲಿ ಕೂದಲು ತೀಡಿಕೊಳ್ಳುವ ಹುಡುಗರು. ಹಳೇ ಬಂಗಲೆಯೊಂದನ್ನು ತಿದ್ದಿ ಹತ್ತೇ ರೂಮು ಮಾಡಿದ್ದರು, ಒಂದೊಂದಕ್ಕೂ ಬೇರೆ ಬಣ್ಣ. ನಮ್ಮದು ಹಸಿರು. ಬಚ್ಚಲಿಗೆ ಗಾಜಿನ ಗೋಡೆ! ಯಾವ ಪುಣ್ಯಾತ್ಮನಿಗೆ ಹೊಳೆಯಿತೋ. ನಾನು ಬೆಡ್‌ಶೀಟೊಂದನ್ನು ಅದರ ಮೇಲಿಂದ ಇಳಿಬಿಟ್ಟೆ.

ಬಾಗಿಲು ಹಾಕಿಕೊಂಡರೆ ಯಾರೂ ತಟ್ಟದ ಕೋಣೆ ನಮಗೆ ಸಿಕ್ಕಿದ್ದು ಅದೇ ಮೊದಲು. ಹಾಡುಹಗಲೇ ಗಟ್ಟಿಯಾಗಿ ನಕ್ಕೆವು. ಆದರೂ ಒಳಗೊಳಗೇ ಪುಕುಪುಕು. ಅಮ್ಮ ಹೋದ ಮೇಲೆ ಡಿಗ್ರಿಯ ಮೂರು ವರ್ಷ ನನ್ನನ್ನು ಮನೆಯಲ್ಲಿಟ್ಟುಕೊಂಡು ಓದಿಸಿದವಳು ಅಮ್ಮನ ಅಕ್ಕ, ಈ ದೊಡ್ಡಮ್ಮ. ನನಗೆ ತವರು ಅಂತ ಉಳಿದದ್ದು ಅದೊಂದೇ ಮನೆ. ಅವಳು ಮುನಿಸಿಕೊಂಡರೆ ಅದೂ ಹೋಯಿತು.

ಮರುದಿನ ಬೆಳಿಗ್ಗೆ ಬಾಗಿಲು ತಟ್ಟಿದರು. ಕಾಫಿ ಬಂತೆಂದು ತೆಗೆದರೆ ದೊಡ್ಡಮ್ಮ, ಕೈಯಲ್ಲಿ ಟಿಫನ್ ಕ್ಯಾರಿಯರ್. ರಿಸೆಪ್ಷನ್ನಿನಲ್ಲಿ ಕೂರುವವಳು ಅವಳ ಪಕ್ಕದ ಮನೆಯವಳೇ; ಲಿಪ್‌ಸ್ಟಿಕ್ ಹಚ್ಚಿದ್ದರಿಂದ ನನಗೆ ಗುರುತು ಸಿಕ್ಕಿರಲಿಲ್ಲ. ಸಂಜೆಯೇ ಹೋಗಿ ಖುಷಿಯಿಂದ ಸುದ್ದಿ ಮುಟ್ಟಿಸಿದ್ದಳಂತೆ.

ನನ್ನ ಗಂಡ ಸ್ನಾನದ ನೆಪ ಹೇಳಿ ಬೆಡ್‌ಶೀಟಿನ ಹಿಂದೆ ಸೇರಿಕೊಂಡ. ದೊಡ್ಡಮ್ಮ ಮಂಚದ ಅಂಚಿನಲ್ಲಿ ಕೂತಳು. ನಾನು ಸುಳ್ಳು ಶುರುಮಾಡಿದೆ. ಬಸ್ಸು ತಪ್ಪಿತು, ಹೊತ್ತಾಗಿತ್ತು, ನಿನಗೆ ಯಾಕೆ ತೊಂದರೆ ಅಂತ. ಅವಳು ಕೈಯೆತ್ತಿ ತಡೆದಳು.

"ಸುಮ್ನಿರು ಮಾರಾಯ್ತಿ. ರಾತ್ರಿ ಮಲಗೋವರೆಗೂ ನಿನ್ ಮೇಲೆ ಸಿಟ್ಟೇ ಇತ್ತು. ಬೆಳಿಗ್ಗೆ ಎದ್ದು ನೋಡ್ತೀನಿ, ನೆಂಟರು ಊರಿಗೆ ಬಂದಿದಾರೆ, ನಂಗೆ ಹಾಸಿಗೆ ಸುತ್ತೋ ಕೆಲ್ಸ ಇಲ್ಲ. ಎಷ್ಟು ಹಗುರ ಆಯ್ತು ಅಂತೀಯ."

ನನಗೆ ಹೋದ ಉಸಿರು ಬಂದಂತಾಯಿತು. ಜೊತೆಗೇ ನಾಚಿಕೆಯೂ ಆಯಿತು. ಆಸ್ಪತ್ರೆಗೆ, ಕೋರ್ಟಿಗೆ, ಹೆಣ್ಣು ನೋಡುವುದಕ್ಕೆ ಯಾರೇ ಬಂದರೂ ಇಳಿದುಕೊಳ್ಳುವುದು ಅವಳ ಮನೆಯಲ್ಲೇ. ಅದು ನಮಗೆಲ್ಲ ಹೆಮ್ಮೆ. ಅವಳಿಗೆ ಹೇಗೋ ಎಂದು ಯಾರೂ ಕೇಳಿರಲಿಲ್ಲ. ಮೂರು ವರ್ಷ ಅಲ್ಲೇ ಉಂಡ ನಾನೂ ಕೇಳಿರಲಿಲ್ಲ.

ಹಾಸಿಗೆಯನ್ನು ಅಂಗೈಯಿಂದ ಒತ್ತಿ ನೋಡುತ್ತ, ರೂಮು ಎಷ್ಟೊತ್ತಿಗೆ ಬಿಡಬೇಕು ಎಂದು ವಿಚಾರಿಸಿದಳು. ಹನ್ನೆರಡಕ್ಕೆ ಅಂದೆ.

"ಹಂಗಾದ್ರೆ ಒಂದು ಗಳಿಗೆ ಮಲಗ್ಲಾ?"

ಕಿಟಕಿಯ ಪರದೆ ಎಳೆದೆ. ಬೆಡ್‌ಶೀಟಿನ ಹಿಂದಿನಿಂದ ಹೊರಬಂದ ಗಂಡನೂ ನಾನೂ ಬಾಲ್ಕನಿಯಲ್ಲಿ ಕೂತು, ಚಮಚದ ಸದ್ದು ಮಾಡದೆ ಅವಳು ತಂದ ಉಪ್ಪಿಟ್ಟು ತಿಂದೆವು. ಅಷ್ಟು ನಿರಾಳವಾಗಿ ನಾನು ತಿಂಡಿ ತಿಂದು ಎಷ್ಟು ದಿನವಾಗಿತ್ತೋ.

ಗಂಟೆ ಕಳೆದಿರಬೇಕು. ದೊಡ್ಡಮ್ಮ ಬೆಚ್ಚಿ ಎದ್ದು ಕೂತಳು. ಕಣ್ಣು ಸರಿಯಾಗಿ ಬಿಟ್ಟಿರಲಿಲ್ಲ, ಕೈ ಆಗಲೇ ಸೆರಗು ಸೊಂಟಕ್ಕೆ ಸಿಕ್ಕಿಸುತ್ತಿತ್ತು.

"ಯಾರ್ ಬಂದ್ರೇ?"

"ಯಾರೂ ಬಂದಿಲ್ಲ ದೊಡ್ಡಮ್ಮ, ಮಲಕ್ಕೋ," ಅಂದೆ.

ಸ್ವಲ್ಪ ಹೊತ್ತು ಬಾಗಿಲನ್ನೇ ನೋಡಿ, ಮತ್ತೆ ಮಲಗಿದಳು.