ಫಾದರ್ ತೊಳೆದ ಕೆಸರುಗಾಲು

ಇಂದು ಬೆಳಿಗ್ಗೆ ಮೊಳಕಾಲ್ಮೂರಿನ ಸಂತೆಯಲ್ಲಿ ಸೀಗೆಪುಡಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ಮನಸ್ಸು ಚಳ್ಳಕೆರೆಯ ನಮ್ಮ ಪುಟ್ಟ ಚರ್ಚಿಗೆ ಓಡಿತು.

ಶುಭ ಶುಕ್ರವಾರದ ಹಿಂದಿನ ಸಂಜೆ ಅಲ್ಲಿ ಫಾದರ್ ಹನ್ನೆರಡು ಜನರ ಪಾದ ತೊಳೆಯುತ್ತಿದ್ದರು, ಯೇಸು ತನ್ನ ಶಿಷ್ಯರ ಪಾದ ತೊಳೆದ ಹಾಗೆ. ನಮ್ಮವರೋ, ಅವರ ಕೈಗೆ ಕೊಳೆ ತಾಗಬಾರದೆಂದು ಮನೆಯಲ್ಲೇ ಸೀಗೆಪುಡಿ ಹಚ್ಚಿ, ಹಿಮ್ಮಡಿಯನ್ನು ಕಲ್ಲಿನಿಂದ ಉಜ್ಜಿ, ಮದುವೆ ಹೆಣ್ಣಿನ ಹಾಗೆ ಸಿಂಗರಿಸಿಕೊಂಡ ಪಾದಗಳಲ್ಲಿ ಬರುತ್ತಿದ್ದರು.

ನಾನು ಚಿಕ್ಕವಳಿದ್ದಾಗ ಒಂದು ವರ್ಷ ಅವ್ವನ ಸರದಿ. ನನ್ನಿವಾಳದ ಹೊಲದಲ್ಲಿ ಈರುಳ್ಳಿಗೆ ನೀರು ಕಟ್ಟುತ್ತಿದ್ದವಳು, ಬಸ್ಸು ತಪ್ಪೀತೆಂದು ಕೆಸರುಗಾಲಲ್ಲೇ ಓಡಿ ಬಂದಿದ್ದಳು. ಕೊನೆಯ ಕುರ್ಚಿಯಲ್ಲಿ ಕೂತು, ಸೀರೆಯೊಳಗೆ ಕಾಲು ಬಚ್ಚಿಟ್ಟು, ನಾಚಿಕೆಯಿಂದ ಎದ್ದು ಹೋಗುವುದರಲ್ಲಿದ್ದಳು. ಅಷ್ಟರಲ್ಲಿ ಫಾದರ್ ಬೋಗುಣಿ ಹಿಡಿದು ಅವಳೆದುರು ಬಂದು ಕೂತರು.

"ಬ್ಯಾಡ್ರಿ ಫಾದರ್, ಹೊಲದ ಕೆಸರೈತೆ."

ಪಕ್ಕದಲ್ಲಿದ್ದ ನಾನು ಕೇಳಿಯೇಬಿಟ್ಟೆ: "ಎಲ್ಲಾರೂ ತೊಳಕೊಂಡೇ ಬಂದವ್ರೆ. ಅವ್ವನ್ನೂ ಬಿಟ್ರೆ ನೀವು ತೊಳೆಯೋದಾದ್ರೂ ಏನು ಫಾದರ್?"

ಅವ್ವ ನನ್ನ ತೊಡೆ ಚಿವುಟಿದಳು. ಫಾದರ್ ಬೋಗುಣಿಯ ತಿಳಿನೀರು ನೋಡಿ ಜೋರಾಗಿ ನಕ್ಕರು. "ನಿನ್ ಮಗಳು ಕೇಳೋದು ಸರಿ ಐತೆ. ಕಾಲು ಚಾಚವ್ವ!"

ಅವರು ಅಂಗಾಲು ಉಜ್ಜಿದ್ದೇ ಅವ್ವ ಕಚಗುಳಿ ತಾಳದೆ ಕಿಲಕಿಲ ನಕ್ಕಳು. ಚರ್ಚೆಲ್ಲ ನಕ್ಕಿತು. ನೀರು ಕೆಂಪಾಯಿತು. ಧೈರ್ಯ ಬಂದ ಅವ್ವ ಕೇಳಿದಳು: "ನಿಮ್ ಕಾಲು ಯಾರು ತೊಳೀತಾರ್ರಿ?"

ಫಾದರ್ ತಮ್ಮ ಕಾಲನ್ನೇ ನೋಡಿಕೊಂಡರು. ಅವ್ವ ಅವರನ್ನು ತನ್ನ ಕುರ್ಚಿಯಲ್ಲಿ ಕೂರಿಸಿ, ಹೊಸ ನೀರು ತಂದು, ಬಿರುಕುಬಿಟ್ಟ ಅವರ ಪಾದ ತೊಳೆದು ಸೆರಗಿನಿಂದ ಒರೆಸಿದಳು.

ಅಲ್ಲಿಗೆ ಈಗ ಬೇರೆ ಫಾದರ್ ಬಂದಿದ್ದಾರೆ. ಆದರೂ ಆ ಗುರುವಾರ ಹದಿಮೂರು ಕುರ್ಚಿ ಹಾಕುತ್ತಾರೆ.